ನರ ಹುಡುಕುವುದು

ಹದಡಿ ರಸ್ತೆಯ ಹೊಸ ಲ್ಯಾಬಿನಲ್ಲಿ
ಗಾಜಿನ ಮೇಜಿನಾಚೆ ಕೂತವನು ಹಾಲೇಶಿ.
ಇಪ್ಪತ್ತೆರಡು ವರ್ಷದ ನನ್ನ ಕಾಗದಗಳನ್ನು
ಇಸ್ಪೀಟಿನೆಲೆಯಂತೆ ಮಗುಚುತ್ತಾನೆ.

ಇವನಿಗೆ ಮೊದಲ ಸಲ ಸೂಜಿ ಹಿಡಿಸಿದ್ದು ನಾನು.
ಕೈ ನಡುಗುತ್ತಿತ್ತು. ನನ್ನ ತೋಳನ್ನೇ ಮುಂದೆ ಚಾಚಿ
'ಕಣ್ಣಿಂದಲ್ಲೋ, ಬೆರಳಿಂದ ಹುಡುಕು' ಅಂದಿದ್ದೆ.
ಮೂರು ಸಲ ತಪ್ಪಿದ.
ವಾರವಿಡೀ ನೀಲಿಗಟ್ಟಿತ್ತು.

'ಅಕ್ಕಾ, ಹೊಸ ಮಶೀನು ನಡೆಸಿದ್ದೀರಾ?'
ಇಲ್ಲ.
'ರಾತ್ರಿ ಪಾಳಿ?'
ಮಾಡಿದ್ದೇನೆ. ನಿನ್ನ ಪಾಳಿಯನ್ನೂ.
ಎರಡನೆಯದನ್ನು ಬಾಯೊಳಗೇ ಇಟ್ಟುಕೊಂಡೆ.
'ವಯಸ್ಸು ನಲವತ್ತೊಂಬತ್ತು...'
ಪೆನ್ನಿನ ಮೂತಿ ಅಲ್ಲೇ ನಿಂತಿತು.
'ಮೇಲಿನವರು ತಿಳಿಸ್ತಾರೆ.'
ಮೇಲೆ ನೋಡಿದೆ. ಫ್ಯಾನಿತ್ತು.

ಹೊರಗೆ ಗಾಡಿಯವನು ಮಂಡಕ್ಕಿ ಕಲೆಸುತ್ತಿದ್ದ.
'ಒಂದು ಪ್ಲೇಟು' ಅಂದೆ, ಹಸಿವೇನಿರಲಿಲ್ಲ.
ಉಳ್ಳಾಗಡ್ಡಿಗೆಂದು ಚಾಚಿದ ಅವನ ಮುಂಗೈಯಲ್ಲಿ
ದಪ್ಪ, ನೆಟ್ಟಗಿನ ನರ,
ಕತ್ತಲಲ್ಲೂ ಒಂದೇ ಏಟಿಗೆ ಸಿಗುವಂಥದ್ದು.
ನನ್ನ ಕೇಳದೆಯೇ ತೋರುಬೆರಳು
ಅದರ ಮೇಲೆ ಹೋಗಿ ಕೂತಿತು.

'ಏನ್ರೀ ಯಕ್ಕಾ?'
ಬೆಚ್ಚಿ ಕೈ ಎಳೆದುಕೊಂಡ.

'ಏನಿಲ್ಲಪ್ಪ,
ಉಪ್ಪು ಒಂಚೂರು ಜಾಸ್ತಿ ಹಾಕು.'