ಗಾಳಿ ತುಂಬಾಂವ

ಬೋಗ್ಮಾಳೊ ದಂಡ್ಯಾಗ ಹನ್ನೊಂದು ವರ್ಷ
ಇದೊಂದ ಕೆಲಸ ನಂದು:
ಕಂಪ್ರೆಸರ್ ಹಚ್ಚೂದು, ಸಿಲಿಂಡರಿಗೆ ಗಾಳಿ ತುಂಬೂದು,
ಮುಳ್ಳು ಇನ್ನೂರಕ್ಕ ಬಂದು ನಡುಗಿದ್ರ ಬಂದ್ ಮಾಡೂದು.
ಹೆಣ್ಣು ಕೊಟ್ಟ ಮಾವ ಇನ್ನೂ
ಪಂಕ್ಚರ್ ಅಂಗಡಿ ಅಂತಾನ ತಿಳಕೊಂಡಾನ.

ನಾ ಎಂದೂ ಮುಳುಗಿಲ್ಲ. ಈಸಾಕೂ ಬರೂದಿಲ್ಲ.

ದೋನಾ ಪಾವ್ಲಾದ ಎರ್ಮೆಲಿಂದಾ ಬಾಯಿ
ದ್ವೀಪದ ಬೆನ್ನಿಗಿರೋ ಗವಿಗೆ ಇಳದು ಬಂದು
ತಲಿ ಒರಸಿಕೋತ ಕ್ಯಾಮೆರಾ ತೋರಸ್ತಾಳ:
ಕಲ್ಲಿನ ಸೀಳಿನಾಗಿಂದ ಬರೇ ತೋಳು.
ಮೈ ಒಳಗ. ಕಣ್ಣಿಲ್ಲ, ತಲಿ ಇಲ್ಲ,
ಮುಂದು ಹಿಂದು ಅನ್ನೂದೂ ಇಲ್ಲ,
ಯಾವ ತೋಳು ಮೊದಲ ಚಾಚತಾವೋ ಅದ ಮುಂದು.
ಹರಿಯೋ ನೀರಿನ ಕಸಾ ಹಿಡದು ಉಣ್ತಾವಂತ.
ಹಿಡದ್ರ, ತೋಳು ನಮ್ಮ ಕೈಯಾಗ ಬಿಟ್ಟು
ತಾವು ಹೋಗೇ ಬಿಡ್ತಾವಂತ.

‘ಸಾಯೂದಿಲ್ಲೇನ್ರಿ?’
‘ಇಲ್ಲೋ. ಮತ್ತ ಬೆಳೀತೈತಿ.’
‘ಬಿಟ್ಟ ತೋಳು?’
ಆಕಿ ಟವೆಲ್ ಹಿಂಡಿದ್ಲು. ಹಿಂಡಿದ್ದನ್ನ ಮತ್ತ ಹಿಂಡಿದ್ಲು.
‘ಅದು... ಸ್ವಲ್ಪ ಹೊತ್ತು ಹೊಳ್ಳಾಡತೈತಿ.’

ಬ್ರಿಟಲ್ ಸ್ಟಾರ್ ಅಂತ ಹೆಸರಂತ.
ನಿಮ್ಮ ಮಾತಿನಾಗ ಏನಂತೀರಿ ಅಂತ ಕೇಳಿದ್ಲು.
ನಮ್ಮೂರಾಗ ಕೆರಿ ತುಂಬಿದ್ದ ಅಪರೂಪ, ಬಾಯಿ,
ಸಮುದ್ರದ ಹುಳಕ್ಕ ಹೆಸರೆಲ್ಲಿಂದ ತರ್ಲಿ?
ಮುರುಕು ಚಿಕ್ಕಿ ಅಂತ ಬರಕೋರಿ.
ಶೇಂಗಾ ಚಿಕ್ಕಿ ಅಲ್ಲ ಮತ್ತ,
ಮ್ಯಾಲಿನದು.

ಆಮ್ಯಾಲ ಒಂದು ಫೋಟೋ. ಗವಿಯ ಮಾಳಗಿ.
ಅದಕ್ಕ ಅಂಟಿಕೊಂಡು ಪಾದರಸ ಚೆಲ್ಲಿದಂಗ
ಬೆಳ್ಳನ್ನ ಮಡುಗಳು, ತಲಿಕೆಳಗಾಗಿ.
‘ಇದೇನ್ರಿ?’ ‘ನನ್ನ ಉಸಿರು.
ಮ್ಯಾಲ ಹೋಗಾಕ ದಾರಿ ಇಲ್ಲ ಅದಕ್ಕ,
ನೀರಾಗ ಕರಗೂತನಕ ಅಲ್ಲೇ.’

ಆಕಿ ಉಸಿರು. ಖರೆ.
ಆದ್ರ ಮೊದಲ ಅದು ನನ್ನ ಗಾಳಿ.
ಮುಂಜಾನಿ ಬಂಗಡಿ ಹುರದ ಹೊಗಿ ಅದರಾಗ,
ಬಂದರದ ಕಡಿಂದ ಬಂದ ಕಲ್ಲಿದ್ದಲ ಧೂಳು,
ಬೆಲ್ಟ್ ಹರದಾಗ ನಾ ಬೈದ ಬೈಗಳು.
ಫಿಲ್ಟರ್ ಎಲ್ಲಾ ಸೋಸತೈತಿ ಅಂತಾನ ಮಾಲಕ.
ಸೋಸಲಿ.

ರಾತ್ರಿ ಬಾಯ್ನಾದ ಖೋಲ್ಯಾಗ ಮಲಗಿ
ಫ್ಯಾನ್ ನೋಡಕೋತ ಅದ ನೆನಪು:
ಬ್ಯಾಟರಿ ಹೋದ ಮ್ಯಾಲಿನ ಕತ್ತಲಾಗ
ಒಂದು ತೋಳು ಮಾಳಗಿ ಮುಟ್ಟಾಕ ಹೋಗಿ
ಆ ಮಡುವಿನೊಳಗ ತುದಿ ಅದ್ದತೈತಿ.
ನೀರಲ್ಲ. ಕಲ್ಲಲ್ಲ.
ಗಕ್ಕನ ಹಿಂದಕ್ಕ ಎಳಕೊಳ್ಳತೈತಿ.
ಹಿಂಗ ನನ್ನ ಯಾರೂ ಮುಟ್ಟಿದ್ದಿಲ್ಲ.

ಇವತ್ತ ಸಿಲಿಂಡರ್ ತೊಳದೆ. ಮುಳ್ಳು ನಲವತ್ತಕ್ಕ ನಿಂತಿತ್ತು.
ಇನ್ನೂರಾಗ ನಲವತ್ತು ಹೋದ್ರ ನೂರಾ ಅರವತ್ತು.
ಎಲ್ಲಾ ಗವಿಯಾಗ ಉಳದಿರಲಿಕ್ಕಿಲ್ಲ,
ಅರ್ಧ ಹಾದ್ಯಾಗ ಗುಳ್ಳಿಯಾಗಿ ಮ್ಯಾಲ ಬಂದಿರಬೇಕು.
ಎಷ್ಟಂತ ಕೇಳಬೇಕು, ಮುಂದಿನ ಸಲ ಬಂದ್ರ.