ಎಣಿಕೆಯ ಹಾಳೆ

ಬೆಳಿಗ್ಗೆ ಆರೂಕಾಲಕ್ಕೆ ಶುರು.
ಕುಮಟೆಯ ಮೊದಲ ಬಸ್ಸಿಳಿದು, ಕೈಯಲ್ಲೊಂದು ಹಲಗೆ,
ಹಲಗೆಗೆ ಕಚ್ಚಿಸಿದ ಹಾಳೆ, ಹಾಳೆಗೆ ಐದು ಅಂಕಣ.
ದಿನಕ್ಕೆ ನಾನೂರೈವತ್ತು, ಊಟ ನಮ್ಮದೇ.
ಕೆಲಸ ಇಷ್ಟೇ:
ಗಜನಿ ಕಟ್ಟೆಯ ಅಂಚಿಗೆ ಕೂತು
ಹೊಳೆಚುಳ್ಳಿಯ ಒಂದೇ ಒಂದು ಪೊದೆಯನ್ನು
ಮಧ್ಯಾಹ್ನದವರೆಗೆ ಕಣ್ಣು ಕೀಳದೆ ನೋಡುವುದು,
ಹೂವಿಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು,
ಬರೆಯುವುದು.

ಅಘನಾಶಿನಿ ಆಗಷ್ಟೇ ಇಳಿತಕ್ಕೆ ಬಿದ್ದಿದ್ದಳು.
ಕೆಸರು ಸಾವಿರ ಬಾಯಲ್ಲಿ ಉಸಿರು ಬಿಡುತ್ತಿತ್ತು.
ಎಲೆಯ ಮೇಲೆ ಬೆವರಿ ಒಣಗಿದ ಉಪ್ಪು
ಬೆರಳಲ್ಲಿ ಒರೆಸಿ ನಾಲಿಗೆಗೆ ಹಚ್ಚಿದೆ,
ಒಂದು ಬಟ್ಟಲು ಗಂಜಿಗೆ ಸಾಕು.
ಮುಳ್ಳೂ ತಾಗಿತು.
ಅದಕ್ಕೆ ಅಂಕಣವಿಲ್ಲ.

ಹೂವೋ, ಒಂದೇ ತುಟಿಯದು.
ಮೇಲ್ದುಟಿಯನ್ನು ಯಾರೋ ಕಡ ಒಯ್ದು ಮರೆತಂತೆ.
ಕೆಳದುಟಿ ಮಾತ್ರ ನೀಲಿಯಾಗಿ ಚಾಚಿ
ನಡುವೆ ಹಳದಿಯ ಗೀರು,
ಅದರ ಹಿಂದೆ ನಾಲ್ಕು ಕೇಸರ
ಜಂತ್ರದ ಹಲಗೆಗಳ ಹಾಗೆ ಬಿಗಿ.
ಚಿಟ್ಟೆ ಬಂತು, ತಟ್ಟಿತು, ಹೋಯಿತು.
ಜೇನು ಬೇರೇನೋ ಕೆಲಸ ನೆನಪಾಗಿ ಅರ್ಧಕ್ಕೇ ತಿರುಗಿತು.
ಆಮೇಲೆ ಬಂದ ಕರಿದುಂಬಿ
ಮದುವೆಮನೆಗೆ ತಡವಾಗಿ ಬಂದ ಸೋದರಮಾವನಂತೆ
ಗುಂಯ್ಯೆಂದು, ಯಾರನ್ನೂ ಕೇಳದೆ,
ಭುಜ ಕೊಟ್ಟು ನೂಕಿ ಒಳಗೆ!
ಹಲಗೆ ಸರಿಯಿತು. ಬೆನ್ನ ತುಂಬ ಹುಡಿ.
೬.೫೨. ದುಂಬಿ. ಒಂದು. ನಾಲ್ಕು ಸೆಕೆಂಡು.

ಏಳಕ್ಕೆ ಸೂರಕ್ಕಿ, ಗಂಡು, ಬಿಸಿಲಿಗೆ ಬಣ್ಣ ಬದಲಿಸುತ್ತ.
ಏಳೂವರೆಗೆ ಮಿಂಚುಳ್ಳಿ ಬಂದು ಕೂತಿತು
ಹೊಳೆಚುಳ್ಳಿಯ ಒಣಕಡ್ಡಿಯ ಮೇಲೆ.
ಎರಡು ಚುಳ್ಳಿಗೂ ಒಂದೇ ಅಂಗಡಿಯ ನೀಲಿ.
ಅದು ಬಂದದ್ದು ಹೂವಿಗಲ್ಲ, ಮೀನಿಗೆ;
ಮೀನು ಬಂದದ್ದು ಬುಡದ ನೆರಳಿಗೆ.
ಬರೆಯಲೋ ಬೇಡವೋ?
ಹಾಳೆ ‘ಹೂವಿಗೆ’ ಎನ್ನುತ್ತದೆ. ಬಿಟ್ಟೆ.
ಬಿಟ್ಟದ್ದು ಮುಳ್ಳಿಗಿಂತ ಹೆಚ್ಚು ಚುಚ್ಚಿತು.

ನೀರು ಪೂರ್ತಿ ಇಳಿದ ಮೇಲೆ ಸಾತು ಅಂಬಿಗ ಬಂದಳು,
ಮೊಣಕಾಲ ತನಕ ಕೆಸರು, ಸೊಂಟಕ್ಕೆ ಬುಟ್ಟಿ,
ಕಾಲ್ಬೆರಳಲ್ಲೇ ಬಳಚಿನ ಗುರುತು ಹಿಡಿಯುತ್ತ.
“ಎಂತ ಬರೀತ್ಯೋ ತಮಾ?”
“ಹೂವಿಗೆ ಬರುವವರ ಲೆಕ್ಕ.”
“ಅದ್ಕೂ ಪಗಾರವೋ!”
ನಕ್ಕ ನಗುವಿಗೆ ಎರಡು ಏಡಿ ಬಿಲ ಸೇರಿದವು.

ನಕ್ಕು ಮುಗಿದ ಮೇಲೆ ಅವಳೇ ಹೇಳತೊಡಗಿದಳು.
ಶೆಟ್ಲಿ ಮರಿ ಮೀಸೆ ಬರುವ ತನಕ ಇಲ್ಲೇ.
ಕುರ್ಲೆ ಚಿಪ್ಪು ಕಳಚಿ ಮೈ ಮೆತ್ತಗಾದಾಗ
ಈ ಮುಳ್ಳಿನೊಳಗೇ ಅಡಗುವುದು, ಬಾಣಂತಿಯ ಹಾಗೆ.
ಅಮಾಸೆಯ ಭರತಕ್ಕೆ ಕಟ್ಟೆ ಸೀಳದಿದ್ದರೆ
ಹಮ್ಮಣ್ಣನ ಕಾವಲಿನಿಂದಲ್ಲ, ಈ ಬೇರಿನಿಂದ.
ನಾನು ಹಾಳೆ ತಿರುವಿ ಹಿಂಬದಿಗೆ ಬರೆದೆ, ಬರೆದೆ.

ಆಗ ದನಿ ತಗ್ಗಿಸಿದಳು:
“ಒಂದು ತಿರುವಿನ ಚುಳ್ಳಿಯೊಳಗೆ
ನೀರುನಾಯಿ ಮರಿ ಹಾಕದೆ. ಮೂರು.
ಇನ್ನೂ ಕಣ್ಣು ಬಿಟ್ಟಿಲ್ಲ.”
ಪೆನ್ನು ತಾನಾಗಿ ಎದ್ದಿತು.

“ಬರೀಬ್ಯಾಡ.”

“ಆಚೆ ದಂಡೆಯ ಕಾಂಡ್ಲಕ್ಕೆ
ಕೆಂಪು ಬಣ್ಣದಲ್ಲಿ ನಂಬ್ರ ಹೊಡೆದ್ರು.
ಬಣ್ಣದ ಡಬ್ಬಿ ಹಿಡಿದವಳು ನಾನೇ, ಎರಡು ದಿನದ ಕೂಲಿ.
ಇನ್ನೂರ ಹದಿನೇಳರ ತನಕ ನೆನಪದೆ.
ಈಗಲ್ಲಿ ಲಾರಿ ತಿರುಗೂಕೆ ಜಾಗ.”

ಮುಂದೆ ಇಬ್ಬರೂ ಮಾತಾಡಲಿಲ್ಲ.
ಎಲ್ಲೋ ಒಂದು ಕಾಯಿ ಚಟ್ಟನೆ ಸಿಡಿದು
ಬೀಜ ನೀರಿಗೆ ಬಿತ್ತು. ಭರತ ಏರುತ್ತಿತ್ತು.
ಬರೆದ ಹಾಳೆಯನ್ನು ಅವಳಿಗೇ ಕೊಟ್ಟೆ;
ಎಲೆಯಡಿಕೆ ಸುತ್ತಿಕೊಂಡಳು.
ಎದುರು ಬದಿಯ ಲೆಕ್ಕ ಹೊಸ ಹಾಳೆಗೆ ಇಳಿಸಿದೆ.

ಸಂಜೆ ಒಪ್ಪಿಸಿದೆ:
ದುಂಬಿ ಇಪ್ಪತ್ತಮೂರು, ಸೂರಕ್ಕಿ ಒಂಬತ್ತು,
ಚಿಟ್ಟೆ ಆರು, ಜೇನು ಹದಿನಾಲ್ಕು.
ಐದನೆಯ ಅಂಕಣ, ‘ಇತರೆ’, ಬಿಳಿ.
ಸಾಹೇಬರು ಕನ್ನಡಕ ಏರಿಸಿ ಕೇಳಿದರು:
ಅಷ್ಟು ಹೊತ್ತು ಕೂತಿದ್ದಿ, ಬೇರೆ ಯಾರೂ ಬರಲಿಲ್ಲವೆ?

ಇಲ್ಲ ಸರ್ ಎಂದೆ.
ನಾಲಿಗೆಯ ತುದಿಯಲ್ಲಿ ಇನ್ನೂ
ಆ ಎಲೆಯ ಉಪ್ಪು.