ಮೂರನೇ ಬೋಲ್ಟು

ಇಪ್ಪತ್ತೆರಡು ವರ್ಷ ಲಾರಿ ಬಿಚ್ಚಿದ ಕೈ ಇದು.
ಗೇರ್ ರಾಡಿನ ತುದಿಯ ಗುಂಡು ಹಿಡಿದರೆ ಸಾಕು,
ಒಳಗೆ ಯಾವ ಹಲ್ಲು ಮುರಿದಿದೆ
ಅಂಗೈಗೆ ಗೊತ್ತಾಗುತ್ತಿತ್ತು.
ಆಟೋಮ್ಯಾಟಿಕ್ಕಿನಲ್ಲಿ ಅಂಗೈಗೆ ಕೆಲಸವಿಲ್ಲ,
ಕೂತ ಸೀಟಿನಿಂದ ಕೇಳಿಸಿಕೊಳ್ಳಬೇಕು.

ಕುರುಗೋಡಿನಿಂದ ಸುಂಕಮ್ಮ ಟೀಚರು ಬಂದಿದ್ದರು,
ಎಡಗಾಲಿಗೆ ಕಬ್ಬಿಣದ ಪಟ್ಟಿ.
'ಕ್ಲಚ್ ತುಳಿಯೋ ಕಾಲು ದೇವರು ಕೊಡಲಿಲ್ಲ,
ಕ್ಲಚ್ ಇಲ್ಲದ ಗಾಡಿ ಕಂಪನಿಯವ್ರು ಕೊಟ್ಟಾರ.
ನೋಡಿ ಹೇಳ್ರಿ ಗಾದಿಲಿಂಗಪ್ಪ,
ತಗೊಳ್ಲ್ಯೋ ಬ್ಯಾಡೋ.'

ಕೌಲ್ ಬಜಾರಿನ ನನ್ನ ಶೆಡ್ಡಿನ ಮುಂದೆ
ಬಿಳಿ ಎಸ್‌ಯುವಿ, ತಿಪ್ಪೇರುದ್ರನ ಮಾಲು,
ಮೀಟರಿನಲ್ಲಿ ಎಪ್ಪತ್ತೊಂದು ಸಾವಿರ.
ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು.
ಮೀಟರನ್ನು ತಿರುಗಿಸಬಹುದು,
ರಬ್ಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಸಿ ಮಾಡಿ ತಂದ ಗಾಡಿ ನಾನು ಮುಟ್ಟುವುದಿಲ್ಲ.
ರಾತ್ರಿಯೆಲ್ಲ ಇಲ್ಲೇ ನಿಲ್ಲಿಸಿಕೊಂಡು
ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದೆ.
ಬ್ರೇಕ್ ತುಳಿದು ಪಿ ಇಂದ ಡಿಗೆ ಎಳೆದೆ.
ಒಂದು.
ಎರಡು.
ಆಮೇಲೆ ಧಡ್ ಎಂದು ಎಚ್ಚರವಾಯಿತು,
ತೂಕಡಿಸುವ ವಾಚ್‌ಮನ್ ಸಾಹೇಬರನ್ನು ಕಂಡ ಹಾಗೆ.
ಆರ್‌ಗೆ ಹಾಕಿದರೆ ಇನ್ನೂ ತಡ.

ಸುಧಾ ಕ್ರಾಸಿನ ಗೇಟು ಬಿದ್ದಿತ್ತು, ಅದಿರಿನ ಗೂಡ್ಸು.
ಟೀಚರು ಡಬ್ಬಿ ಎಣಿಸುತ್ತಿದ್ದರು, ಐವತ್ತೆಂಟು.
ಗೇಟು ಎದ್ದ ಮೇಲೆ ಕುಡಿತಿನಿ ಕಡೆಗೆ ಬಿಟ್ಟೆ.
ಎರಡರಿಂದ ಮೂರಕ್ಕೆ ಬೀಳುವಲ್ಲಿ
ಮುಳ್ಳು ಮೂರೂವರೆ ಸಾವಿರಕ್ಕೆ ಹಾರಿತು,
ಗಾಡಿ ಇದ್ದಲ್ಲೇ ಇತ್ತು.
'ಇಂಜಿನ್ ಒದರತೈತಿ, ಚಕ್ರ ಕೇಳಂಗಿಲ್ಲ' ಅಂದೆ.
'ನಮ್ಮ ಏಳನೇ ಕ್ಲಾಸು' ಅಂದರು.

ಜೀನ್ಸ್ ಫ್ಯಾಕ್ಟರಿಯ ಕತ್ತರಿ ತುಂಡುಗಳಲ್ಲಿ ಕೈ ಒರೆಸುತ್ತೇನೆ,
ಎಣ್ಣೆ ನೋಡಲು ಮಾತ್ರ ಹಳೇ ಬಿಳಿ ಪಂಚೆ.
ಕಡ್ಡಿ ಎಳೆದು ಒರೆಸಿದೆ.
ಕಪ್ಪಿರಬೇಕಿತ್ತು, ಸೀದ ಒಗ್ಗರಣೆಯ ವಾಸನೆ ಬರಬೇಕಿತ್ತು.
ಪಂಚೆಯ ಮೇಲೆ ದಾಳಿಂಬೆ ಒಡೆದ ಹಾಗೆ ಕೆಂಪು.
ಇಷ್ಟು ಜಾರುವ ಗಾಡಿಗೆ ಇಷ್ಟು ಒಳ್ಳೆಯ ಎಣ್ಣೆ
ಯಾರು, ಯಾಕೆ ಹಾಕಿದರು?

ಕೆಳಗೆ ಮಲಗಿ ಪ್ಯಾನ್ ಬಿಚ್ಚಿದೆ.
ಆಯಸ್ಕಾಂತಕ್ಕೆ ಬೂದು ಮೀಸೆ ಬೆಳೆದಿತ್ತು,
ಕ್ಲಚ್ ಪ್ಲೇಟುಗಳು ಒಂದನ್ನೊಂದು ತಿಂದ ಹುಡಿ.
ಅಂಚಿನ ಗಮ್ ಕೆರೆಯುತ್ತಾ ಬಂದೆ.
ಮೂರನೇ ಬೋಲ್ಟಿನ ಹತ್ತಿರ ಒಂದು ಗಂಟು.

ಗಮ್ ಎಳೆಯಲು ಅಲ್ಲಿಂದ ಶುರು ಮಾಡುವವನು
ಈ ಬಜಾರಿನಲ್ಲಿ ಒಬ್ಬನೇ.

ಮೂರು ತಿಂಗಳ ಹಿಂದೆ, ರಾತ್ರಿ ಹನ್ನೊಂದಕ್ಕೆ,
ತಿಪ್ಪೇರುದ್ರ ಮೊಬೈಲ್ ಬೆಳಕು ಹಿಡಿದಿದ್ದ.
'ಎಣ್ಣೆ ಬದಲಿಸು, ಬೇರೆ ಏನೂ ನೋಡಬ್ಯಾಡ.'
ನೋಡಲಿಲ್ಲ.
ನನಗೆ ಕಂಡದ್ದು ಗಾಡಿಯ ಹೊಟ್ಟೆ ಅಷ್ಟೇ,
ಮೇಲೆ ಯಾವ ಬಣ್ಣವೋ.
ಅಂದೂ ಈ ಮೀಸೆಯನ್ನು ನಾನೇ ಬೋಳಿಸಿದ್ದೆ.

'ಏನಾಗೈತಿ?' ಟೀಚರು ಸ್ಟೂಲಿನ ಮೇಲಿಂದ ಕೇಳಿದರು.
ಒಂದು.
ಎರಡು.
ಗಾಡಿಯ ಕೆಳಗೆ ಮಲಗಿದವನ ಮುಖ ಯಾರಿಗೂ ಕಾಣುವುದಿಲ್ಲ,
ಅದೊಂದು ಅನುಕೂಲ.
ಆದರೂ ಹೊರಗೆ ಸರಿದು ಬಂದು ಹೇಳಿದೆ,
ಗಾಡಿಯದ್ದು ಮೊದಲು, ನನ್ನದು ಆಮೇಲೆ.

'ಎಷ್ಟು ಕೊಟ್ಟಿದ್ರು?'
'ಎಂಟುನೂರು.'
ಅವರು ಬೈಯಲಿಲ್ಲ. ಪರ್ಸು ತೆಗೆದು
ಐನೂರರ ನೋಟನ್ನು ಸ್ಪ್ಯಾನರಿನ ಕೆಳಗಿಟ್ಟರು,
ಗಾಳಿಗೆ ಹಾರದ ಹಾಗೆ.
'ಮುಂದಿನ ಗಾಡೀನೂ ನೀವೇ ನೋಡ್ರಿ.'
'ಯಾಕ್ರೀ ಟೀಚರ್, ನಾನ್ಯಾಕ?'
ಅಷ್ಟರಲ್ಲಿ ಆಟೋ ನಿಂತಿತ್ತು,
ಎರಡೂ ಕೈಯಿಂದ ಪಟ್ಟಿಯ ಕಾಲು ಎತ್ತಿ ಒಳಗಿಡುತ್ತಿದ್ದರು.

ಪ್ಯಾನ್ ಮುಚ್ಚಬೇಕಲ್ಲ, ಗಾಡಿ ಅವನಿಗೆ ವಾಪಸ್ಸು.
ಟ್ಯೂಬ್ ಒತ್ತಿದೆ.
ಕೈ ತಾನಾಗಿ
ಮೂರನೇ ಬೋಲ್ಟಿಗೇ ಹೋಯಿತು.